ಟಬ್ಬಿನ ಪಕ್ಕದ ಗೋಡೆ

ಬೆಳಿಗ್ಗೆ ಗುಮಾಸ್ತರ ಹೆಂಡತಿ ಸ್ನಾನ ಮಾಡುತ್ತಿದ್ದಾಗ ಗೋಡೆಯ ಟೈಲ್ಸೊಂದು ಕಳಚಿ ಟಬ್ಬಿಗೆ ಬಿತ್ತು. ಮೂರು ವರ್ಷದಿಂದ ಅವಳು "ಆ ಗೋಡೆ ಉಬ್ಬಿದೆ ನೋಡಿ" ಎನ್ನುತ್ತಲೇ ಇದ್ದಳು; ಗುಮಾಸ್ತರು "ನೋಡೋಣ" ಎನ್ನುತ್ತಲೇ ಇದ್ದರು. ಇವತ್ತು ಅವಳು ಬೈಯಲಿಲ್ಲ. ಒದ್ದೆ ಟೈಲ್ಸನ್ನು ತಂದು ಗಂಡ ಓದುತ್ತಿದ್ದ ಪತ್ರಿಕೆಯ ಮೇಲಿಟ್ಟು, "ಅಕ್ಕನ ಮನೆಗೆ ಹೋಗ್ತೀನಿ, ಸಂಜೆ ಬರ್ತೀನಿ" ಎಂದಷ್ಟೇ ಹೇಳಿ ಹೊರಟಳು. ಬೈಗುಳಕ್ಕಿಂತ ಅದೇ ಗುಮಾಸ್ತರಿಗೆ ಹೆಚ್ಚು ನಾಟಿತು.

ದಿನವಿಡೀ ಬಟ್ಟೆ ಅಂಗಡಿಯಲ್ಲಿ ನಿಂತು ಬರುವವಳಿಗೆ ಬಿಸಿನೀರಲ್ಲಿ ಬೆನ್ನು ಚಾಚುವುದೊಂದೇ ಸುಖ. ಅದಕ್ಕೂ ಕಲ್ಲು ಹಾಕಿದೆನಲ್ಲ ಎಂದುಕೊಂಡು ಗುಮಾಸ್ತರು ಕಚೇರಿಗೆ ರಜೆ ಹಾಕಿದರು.

ಉಳಿದ ಟೈಲ್ಸು ಕೀಳಹೋದರೆ ಹಿಂದಿನ ಹಲಗೆಯೇ ನೆನೆದ ಬ್ರೆಡ್ಡಿನಂತೆ ಕೈಗೆ ಬಂತು. ಸದ್ದು ಕೇಳಿ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಹಾಜರಾದರು.

"ಜಿಪ್ಸಮ್ ಬೋರ್ಡ್ ಹಾಕಿಬಿಡಿ. ಹಗುರ. ಬ್ಲೇಡಲ್ಲೇ ಕುಯ್ಯಬಹುದು."

"ನೀರು ಬೀಳೋ ಕಡೆ ಸಿಮೆಂಟ್ ಬೋರ್ಡೇ ಸರಿ ಸಾರ್" ಎಂದು ಹಾರ್ಡ್‌ವೇರ್ ಅಂಗಡಿಯವನು ಹೇಳಿದ. ಆದರೆ ಮೇಷ್ಟ್ರು ಜೊತೆಗೇ ಬಂದಿದ್ದರು. ಮೇಷ್ಟ್ರ ಮಾತೇ ಗೆದ್ದಿತು.

ಮನೆಗೆ ಬಂದು ಗುಮಾಸ್ತರು ಜಿಪ್ಸಮ್ ಬೋರ್ಡಿನ ಒಂದು ತುಂಡನ್ನು ಬಕೆಟ್ಟಿನಲ್ಲಿ ಮುಳುಗಿಸಿ ನೋಡಿದರು. ಅರ್ಧ ಗಂಟೆಗೆ ಅದು ಚಹಾಕ್ಕೆ ಬಿದ್ದ ಬಿಸ್ಕತ್ತಾಯಿತು. ಮೇಷ್ಟ್ರು ಬಗ್ಗಿ ನೋಡಿ, "ನಿಮ್ಮ ಬಕೆಟ್ಟಲ್ಲಿ ನೀರು ಜಾಸ್ತಿ" ಎಂದರು.

ಮತ್ತೆ ಅಂಗಡಿ. ಸಿಮೆಂಟ್ ಬೋರ್ಡುಗಳನ್ನು ಹೊತ್ತು ಮೂರು ಮಹಡಿ ಹತ್ತುವಷ್ಟರಲ್ಲಿ ಗುಮಾಸ್ತರ ಸೊಂಟ ಮುಷ್ಕರ ಹೂಡಿತು. ಆದರೂ ಸ್ಕ್ರೂ ಬಿಗಿದು, ಸಂದುಗಳಿಗೆ ಜಾಳಿಗೆ ಪಟ್ಟಿ ಅಂಟಿಸಿ, ನೀರು ತಡೆಯುವ ಬಣ್ಣವನ್ನು ಒಂದು ಸಲ ಬಳಿದರು. ಅದು ಒಣಗಿದ ಮೇಲೆ ಇನ್ನೊಂದು ಸಲ ಬಳಿಯಬೇಕಿತ್ತು. ಒಣಗಿತೇ ಎಂದು ಮೇಷ್ಟ್ರು ಹತ್ತು ನಿಮಿಷಕ್ಕೊಮ್ಮೆ ಬೆರಳೊತ್ತಿ ನೋಡಿದರು.

"ಸಾಕು ಮೇಷ್ಟ್ರೇ, ನಿಮ್ಮ ಹಾಜರಿ ಗೋಡೆಗೆ ಬಿದ್ದಾಯ್ತು!"

ಎರಡನೆಯ ಸಲ ಬಳಿದಾಗ ಬೆರಳ ಗುರುತುಗಳೂ ಮುಚ್ಚಿದವು; ಇನ್ನು ಟೈಲ್ಸು ಅಂಟಿಸುವುದಷ್ಟೇ ಬಾಕಿ. ಆರು ಗಂಟೆಗೆ ಹೆಂಡತಿ ಬಂದಳು. ಹಿಂದೆ ಅವಳ ಭಾವ, ಜೊತೆಗೆ ಇಬ್ಬರು ಹಮಾಲರು. ಗುಮಾಸ್ತರು ಹೆಮ್ಮೆಯಿಂದ ಬಚ್ಚಲ ಬಾಗಿಲು ತೆರೆದರು.

ಅವಳು ಗೋಡೆಯ ಹತ್ತಿರ ಹೋಗಿ ನಿಂತಳು. ಕಣ್ಣು ತುಂಬಿತು.

"ಎಷ್ಟು ಚೆನ್ನಾಗಿ ಮಾಡಿದೀರಿ! ನಿನ್ನೆ ಮಾಡಿದ್ರೂ ಸಾಕಿತ್ತಲ್ರೀ..."

"ಯಾಕೆ?"

"ನೀವು ಯಾವತ್ತೂ ಮಾಡಲ್ಲ ಅಂದ್ಕೊಂಡು ಟಬ್ಬನ್ನ ಅಕ್ಕಂಗೆ ಕೊಟ್ಟುಬಿಟ್ಟೆ. ಅವಳ ಮಂಡಿನೋವಿಗೆ ಬಿಸಿನೀರಲ್ಲಿ ಕೂರೋಕೆ ಡಾಕ್ಟರು ಹೇಳಿದಾರೆ. ಕೊಡ್ತೀನಿ ಅಂದಾಗ ಖುಷಿಗೆ ಅತ್ತೇಬಿಟ್ಟಳು. ಈಗ ಹೇಗ್ರೀ ಇಲ್ಲ ಅನ್ನಲಿ?"

ನೀರು ಹಿಂದಕ್ಕಿಳಿಯದಿರಲೆಂದು ಬೋರ್ಡನ್ನು ಟಬ್ಬಿನ ಅಂಚಿನ ಮೇಲೆ ಇಳಿಬಿಟ್ಟಿದ್ದರಿಂದ, ಕೆಳಗಿನ ಸಾಲು ಕೀಳದೆ ಟಬ್ಬು ಅಲುಗುವಂತಿರಲಿಲ್ಲ. ಹಸಿ ಬಣ್ಣ ಕೆರೆದು, ಗುಮಾಸ್ತರೇ ಒಂದೊಂದಾಗಿ ಸ್ಕ್ರೂ ಬಿಚ್ಚಿದರು.

"ಅಬ್ಬಾ, ಏನು ಕೈಕೆಲಸ ನಿಮ್ಮದು!" ಎಂದರು ಭಾವ. "ಭಾನುವಾರ ಬಂದು ನಮ್ಮನೇಲೂ ಹೀಗೇ ಬೋರ್ಡು ಹಾಕಿಕೊಡಿ."

"ಬರ್ತಾರೆ ಭಾವ" ಎಂದಳು ಹೆಂಡತಿ.

ಟಬ್ಬು ಹೊರಲು ಒಬ್ಬರು ಕಡಿಮೆ ಬಿದ್ದಿದ್ದರಿಂದ ನಾಲ್ಕನೆಯ ಮೂಲೆಯನ್ನು ಗುಮಾಸ್ತರು ಹಿಡಿದರು. ಹೆಂಡತಿ ಅದರ ಅಂಚು ಸವರುತ್ತಾ ಪಕ್ಕದಲ್ಲೇ ಇಳಿದಳು. ಅವಳ ಮುಖ ನೋಡಲಾಗದೆ ಗುಮಾಸ್ತರು ಮೂರು ಮಹಡಿಯೂ ಮೆಟ್ಟಿಲುಗಳನ್ನೇ ನೋಡುತ್ತಾ ಇಳಿದರು.