ಒಂದು ಬಟನ್, ಬೀದಿ ತುಂಬ ಟ್ಯಾಂಕರ್

ಯಲಹಂಕದ ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ಬತ್ತಿದ ವಾರ, ಟ್ಯಾಂಕರ್ ಹೇಳೋರು ಯಾರು ಅಂತ ವಾಟ್ಸಾಪ್ ಗುಂಪಿನಲ್ಲಿ ಜಗಳ ಹತ್ತಿಕೊಂಡಿತು. ಓದಿ ಓದಿ ನನಗೆ ರೇಗಿಹೋಯಿತು. "ವೆಬ್ ಪೇಜ್ ಮಾಡಿಕೊಡ್ತೀನಿ, ಎಲ್ಲರೂ ಸುಮ್ನಿರಿ" ಅಂತ ಬರೆದುಬಿಟ್ಟೆ. ಹೆಬ್ಬಾಳದ ಆಫೀಸಿನಲ್ಲಿ ನನ್ನದು ಅಕೌಂಟ್ಸ್ ಕೆಲಸ. ಆದರೂ ವಾರಾಂತ್ಯದ ಕ್ಲಾಸಿಗೆ ಹೋಗಿ ಕೋಡ್ ಬರೆಯೋದು ಕಲಿತಿದ್ದೆನಲ್ಲ, ಧೈರ್ಯಕ್ಕೇನು ಕಮ್ಮಿ?

ವಿಷಯ ಸರಳ. ಹೆಸರು, ಮನೆ ನಂಬರ್ ತುಂಬಿ ಬಟನ್ ಒತ್ತಿದರೆ ಅದು ಸರ್ವರಿಗೆ ಹೋಗುತ್ತೆ. ಅಲ್ಲಿ ಕೂತ ನನ್ನ ಕೋಡ್ ಅದನ್ನು ಓದಿ ಟ್ಯಾಂಕರ್ ಮುನಿರಾಜುಗೆ ಮೆಸೇಜ್ ಕಳಿಸಿ, ಒತ್ತಿದವರ ಹೆಸರು ಹಾಕಿ ಧನ್ಯವಾದದ ಪೇಜ್ ತಯಾರಿಸಿ ತೋರಿಸುತ್ತೆ. ನನ್ನ ಗಂಡ ರವಿ, ಎರಡು ಸಲ ಒತ್ತಿದರೆ ಏನಾಗುತ್ತೆ ಅಂತ ಕೇಳಿದರು. ಎರಡು ಸಲ ಯಾಕೆ ಒತ್ತುತ್ತಾರೆ, ತಲೆ ಕೆಟ್ಟಿದೆಯಾ ಅಂತ ಅವರ ಮೇಲೇ ಹಾರಾಡಿದೆ.

ಪೇಜಿನ ಲಿಂಕ್ ಗುಂಪಿಗೆ ಹಾಕಿದ ಮಾರನೆಯ ಬೆಳಿಗ್ಗೆ ಹಾರ್ನ್ ಸದ್ದಿಗೆ ಎಚ್ಚರವಾಯಿತು. ಬೀದಿಯುದ್ದಕ್ಕೂ ಟ್ಯಾಂಕರ್ ಸಾಲು! ನಡುವೆ ಸಿಕ್ಕಿಕೊಂಡ ಸ್ಕೂಲ್ ವ್ಯಾನ್. ಮುನಿರಾಜು ಪಾಪ, ಮೆಸೇಜ್ ಬಂದಹಾಗೆಲ್ಲ ಸ್ನೇಹಿತರ ಗಾಡಿಗಳನ್ನೂ ಓಡಿಸಿದ್ದ. ಸಂಪ್ ತುಂಬಿದ್ದನ್ನು ಯಾರೂ ನೋಡಿರಲಿಲ್ಲ. ನೀರು ಪಾರ್ಕಿಂಗಿಗೆ ನುಗ್ಗಿ, ಗ್ರೌಂಡ್ ಫ್ಲೋರಿನ ಪಾಟೀಲರ ಮನೆಯವರು ಒಣಹಾಕಿದ್ದ ಸಂಡಿಗೆ ತೇಲಿಕೊಂಡು ಗೇಟಿನ ಕಡೆ ಹೊರಟಿತ್ತು.

ಮುನಿರಾಜುವಿನ ಮೊಬೈಲ್ ನೋಡಿದರೆ, ಅಷ್ಟೂ ಸಲ ಒತ್ತಿದವರು ಗದಗಿನ ಈ ಪಾಟೀಲರೇ. ನನ್ನ ಪಿತ್ತ ನೆತ್ತಿಗೇರಿತು.

"ನಾ ಒಂದ ಸಲ ಒತ್ತೀನ್ರಿ ಸಾವಿತ್ರಿಯವರ" ಅಂದರು ಅವರು. "ಪೇಜ್ ಬರಲಿಲ್ಲ. ಅದಕ್ಕ ಮ್ಯಾಲಿನ ಆ ದುಂಡನ್ನ ಬಾಣ ಒತ್ತಕೋತ ಕುಂತೆ. ಪ್ರತಿ ಸಲ ಏನೋ ಕೇಳ್ತು, ಹೂಂ ಅಂದೆ."

"ಏನ್ ಕೇಳ್ತು ಅಂತ ಓದದೇ ಹೂಂ ಅಂದ್ರಾ?"

ಹಿರಿಯರು ಅನ್ನೋದನ್ನೂ ಮರೆತು ಎಲ್ಲರೆದುರು ಬೈದೆ. ನನ್ನ ಪೇಜಿನಲ್ಲಿ ದೋಷವೇ ಇಲ್ಲ ಅಂತ ತೋರಿಸಲು ಲ್ಯಾಪ್‌ಟಾಪ್ ತಂದು ಸ್ಕೂಟರ್ ಸೀಟಿನ ಮೇಲಿಟ್ಟೆ. ಗಾಡಿ ತರಬೇಡ, ಮೊಬೈಲ್ ಮಾತ್ರ ನೋಡು ಅಂತ ಮುನಿರಾಜುವನ್ನು ಪಕ್ಕಕ್ಕೆ ನಿಲ್ಲಿಸಿಕೊಂಡೆ. ನೆರೆಹೊರೆಯವರೆಲ್ಲ ಪ್ಯಾಂಟ್ ಮಡಚಿ, ಸೀರೆ ಎತ್ತಿ ಹಿಡಿದು ಸುತ್ತ ನಿಂತರು.

ಬಟನ್ ಒತ್ತಿದೆ. ಮುನಿರಾಜುವಿನ ಮೊಬೈಲಿನಲ್ಲಿ ಟಿಂಗ್. "ನೋಡಿ, ಒಂದೇ" ಅಂದೆ, ಗೆದ್ದವಳ ಹಾಗೆ. ಧನ್ಯವಾದದ ಪೇಜ್ ಮಾತ್ರ ಬರಲಿಲ್ಲ, ಬರೀ ಖಾಲಿ ಪರದೆ. ಈ ಸರ್ವರ್‌ಗೂ ನನಗೂ ಹಳೇ ದ್ವೇಷವೋ ಏನೋ ಅಂತ ಹಲ್ಲು ಕಡಿದು ರಿಫ್ರೆಶ್ ಒತ್ತಿದೆ. ಏನೋ ಕೇಳಿತು. ಸಿಟ್ಟಿನಲ್ಲಿ ಓಕೆ ಅಂದೆ. ಟಿಂಗ್. ಇನ್ನೊಮ್ಮೆ ಒತ್ತಿದೆ. ಟಿಂಗ್.

ಮುನಿರಾಜು ಮೆಲ್ಲಗೆ ಕೇಳಿದ, "ಅಕ್ಕಾ, ಇವು ಬರೀ ನೋಡಾಕಾ, ಇಲ್ಲಾ ಗಾಡಿ ತರಬೇಕಾ?"

ಗುಂಪಿನಲ್ಲಿ ಯಾರೋ ನಕ್ಕರು, ಆಮೇಲೆ ಎಲ್ಲರೂ. ರಿಫ್ರೆಶ್ ಮಾಡಿದರೆ ಅದೇ ಫಾರ್ಮ್ ಮತ್ತೆ ಹೋಗುತ್ತೆ, ಒಮ್ಮೆ ತೆಗೆದುಕೊಂಡ ಮೇಲೆ ಬೇರೆ ಪೇಜಿಗೆ ದಾಟಿಸಿಬಿಡಬೇಕು ಅಂತ ಕ್ಲಾಸಿನಲ್ಲಿ ಹೇಳಿದ್ದು ನನಗೆ ಆಗ, ಮೊಣಕಾಲವರೆಗೆ ಒದ್ದೆಯಾಗಿ ನಿಂತಿದ್ದಾಗ ನೆನಪಾಯಿತು.

ಪಾಟೀಲರ ಕ್ಷಮೆ ಕೇಳಿದೆ. "ಇರಲಿ ಬಿಡ್ರಿ, ಮೊದಲ ನೀರ್ ಹೊರಗ ಹಾಕೂಣು" ಅಂದರು. ಅವರು ಬಕೆಟ್ ಹಿಡಿದರು, ನಾನು ಪೊರಕೆ ಹಿಡಿದೆ. ಮಧ್ಯಾಹ್ನದ ಹೊತ್ತಿಗೆ ಪಾರ್ಕಿಂಗ್ ಒಣಗಿತು. ಆ ದಿನ ನನ್ನ ಕೈಯಲ್ಲಿ ಸರಿಯಾಗಿ ಕೆಲಸ ಮಾಡಿದ್ದು ಆ ಪೊರಕೆ ಒಂದೇ.