ಜಂಬಣ್ಣನ ತಲೆಯ ದೃಢೀಕೃತ ನಕಲು

೨೦೦೪ನೇ ಸಾಲಿನಲ್ಲಿ ಕೊಟ್ಟೂರು–ಕೋಗಳಿ ರಸ್ತೆಯಲ್ಲಿ ಅಪಘಾತಕ್ಕೀಡಾದ ಹನ್ನೊಂದು ಮಂದಿ ಸವಾರರ ಪೈಕಿ, ಬದುಕುಳಿದು ಶಿರೋರಕ್ಷಣಾ ವಿಶೇಷ ಕಚೇರಿಗೆ ತೊಂದರೆ ಕೊಟ್ಟವನು ಜಂಬಣ್ಣ ಒಬ್ಬನೇ. ಉಳಿದ ಹತ್ತು ಮಂದಿ ಹೆಲ್ಮೆಟ್ ಹಾಕಿರಲಿಲ್ಲ. ಅವರ ಕಡತಗಳು ತಲಾ ಒಂದು ಹಾಳೆಯಲ್ಲಿ ಅಚ್ಚುಕಟ್ಟಾಗಿ ಮುಗಿದವು.

ಜಂಬಣ್ಣ ಮೊಪೆಡ್ಡಿಗೆ ಮಂಡಕ್ಕಿ ಚೀಲ ಕಟ್ಟಿಕೊಂಡು ಊರೂರು ಮಾರುವವನು. ಹೆಲ್ಮೆಟ್ ಅವನ ಹೆಂಡತಿ ಚೌಡಕ್ಕನ ಹಟ. ಕರಿಸಿದ್ದಪ್ಪನ ಟೆಂಪೊ ಹಿಂದಿನಿಂದ ಗುದ್ದಿದಾಗ ಹೆಲ್ಮೆಟ್ ಸೀಳಿತು, ತಲೆ ಸೀಳಲಿಲ್ಲ. ರಸ್ತೆಯ ತುಂಬ ಮಂಡಕ್ಕಿ ಚೆಲ್ಲಿತು.

ಕಚೇರಿಯ ಸೂಪರಿಂಟೆಂಡೆಂಟ್ ಗುರುಸಂಗಪ್ಪನವರು ನಿಯಮದಂತೆ ಇಬ್ಬರನ್ನೂ ವಿಚಾರಿಸಿದರು. ಚಾಲಕನು ಕುಡಿದಿಲ್ಲವೆಂದು ತಾನೇ ಬರೆದುಕೊಡತಕ್ಕದ್ದು ಎಂಬುದು ಆರನೇ ನಿಯಮ. ಕರಿಸಿದ್ದಪ್ಪನ ಪೆನ್ನಿಗೆ ಕಾಗದ ಸಿಗಲಿಲ್ಲ. ಮೇಜಿನ ಮೇಲೆ, ಗುಮಾಸ್ತರ ತೋಳಿನ ಮೇಲೆ ಸಹಿ ಬಿತ್ತು.

"ಹೆಬ್ಬೆಟ್ಟರ ಒತ್ತಪಾ," ಎಂದರು ಗುರುಸಂಗಪ್ಪ.

"ಯಾವ್ದು ಒತ್ಲಿರಿ ಸಾಹೇಬ್ರ? ನನಗ ನಾಕು ಕಾಣಾಕತ್ಯಾವು."

ಇಬ್ಬರು ಗುಮಾಸ್ತರು ಕೈ ಹಿಡಿದು ಒತ್ತಿಸಿದರು. ಕರಿಸಿದ್ದಪ್ಪ ಕುಡಿದಿಲ್ಲವೆಂಬುದು ಹೀಗೆ ಸಾಬೀತಾಯಿತು. ಇನ್ನು ಉಳಿದ ಏಕೈಕ ಸಾಕ್ಷ್ಯ ಹೆಲ್ಮೆಟ್. ಅದನ್ನು ಜಪ್ತಿ ಮಾಡಿ, ಅರಗಿನ ಮುದ್ರೆ ಹಾಕಿ, ಬೀರುವಿನಲ್ಲಿಟ್ಟರು.

ಮುಂದಿನ ಸೋಮವಾರ ಜಂಬಣ್ಣ ವಿಚಾರಣೆಗೆ ಹಾಜರಾದ. ಬರಿದಲೆಯಲ್ಲಿ ಮೊಪೆಡ್ ಓಡಿಸಿಕೊಂಡು ಬಂದದ್ದಕ್ಕೆ ಗೇಟಿನಲ್ಲೇ ದಂಡ ಬಿತ್ತು.

"ನನ್ನ ಹೆಲ್ಮೆಟ್ ನಿಮ್ಮ ಬೀರುನ್ಯಾಗ ಐತೆಲ್ರಿ!"

"ಅದು ಸುರಕ್ಷಿತವಾಗಿ ಐತಿ. ನೀನು ಚಿಂತಿ ಮಾಡಬ್ಯಾಡ," ಎಂದು ಗುರುಸಂಗಪ್ಪನವರು ಸಮಾಧಾನಪಡಿಸಿದರು.

ಹೊಸದು ಕೊಳ್ಳುವ ಹಾಗಿರಲಿಲ್ಲ. ಒಂದು ತಲೆಗೆ ಎರಡು ಹೆಲ್ಮೆಟ್ ಹೊಂದುವವನು ಎರಡನೇ ತಲೆಯನ್ನು ಮರೆಮಾಚಿದವನೆಂದು ಭಾವಿಸತಕ್ಕದ್ದು ಎಂಬುದು ಹದಿನಾಲ್ಕನೇ ನಿಯಮ. ಆದರೆ ಕಚೇರಿ ನಿರ್ದಯಿಯಲ್ಲ. ಮುದ್ರೆ ಒಡೆದು, ಹೆಲ್ಮೆಟ್ಟನ್ನು ಜೆರಾಕ್ಸ್ ಯಂತ್ರದ ಮೇಲೆ ಬೋರಲು ಹಾಕಿದರು. ಒಂದು ಕಪ್ಪು ವೃತ್ತ ಬಂತು. "ಅಸಲಿನೊಂದಿಗೆ ಹೋಲಿಸಿ ನೋಡಲಾಗಿದೆ" ಎಂದು ಬರೆದು, ಸಹಿ ಮಾಡಿ, ದುಂಡು ಮೊಹರು ಒತ್ತಿ ಗುರುಸಂಗಪ್ಪನವರು ಆ ಹಾಳೆಯನ್ನು ಜಂಬಣ್ಣನ ಕೈಗಿತ್ತರು. ಅವನು ಅದನ್ನು ತಲೆಯ ಮೇಲಿಟ್ಟು ಟವೆಲ್ ಸುತ್ತಿಕೊಂಡು ಮನೆಗೆ ಹೋದ.

ಮರುದಿನ ಚೌಡಕ್ಕ ಗಂಡನ ರಟ್ಟೆ ಹಿಡಿದು ಕಚೇರಿಗೆ ಬಂದಳು.

"ಸಾಹೇಬ್ರ, ಈ ಹಾಳಿ ನನ್ ಗಂಡನ ತಲಿ ಉಳಸ್ತೈತೇನ್ರಿ?"

"ಉಳಸ್ಬೇಕಮ್ಮ. ಉಳಸ್ಲಿಲ್ಲ ಅಂದ್ರ ಹಾಳಿ ಮ್ಯಾಲೆ ಕ್ರಮ ತಗೋತೀವಿ."

"ಆ ಕರಿಸಿದ್ದಪ್ಪ ದಿನಾ ಹೊತ್ತು ಮುಳುಗೂದ್ರೊಳಗ ಎರಡು ಬಾಟ್ಲಿ ಇಳಸ್ತಾನ. ಅದೇ ರಸ್ತಿಯಾಗ ಬರ್ತಾನ."

"ಅವನ ಹೆಬ್ಬೆಟ್ಟು ನಮ್ಮ ಕಡತದಾಗ ಐತಿ. ಅವ ಕುಡಿಯಂಗಿಲ್ಲ."

ಚೌಡಕ್ಕ ಆ ಹಾಳೆಯನ್ನು ಮೇಜಿನ ಮೇಲೆ ಹರವಿ, ಗಂಡನ ತಲೆಯ ಕಡೆ ಒಮ್ಮೆ ನೋಡಿದಳು. ಆಮೇಲೆ, "ಹಂಗಾರ ಇವನ ತಲಿದೂ ಒಂದು ನಕಲು ಮಾಡಿ ಕೊಡ್ರಿ. ಅದು ರಸ್ತಿ ಮ್ಯಾಲೆ ತಿರುಗ್ಲಿ. ಅಸಲು ನಾನು ಮನಿಯಾಗ ಇಟ್ಕೋತೀನಿ," ಎಂದಳು.

ಜಂಬಣ್ಣ ನಗಬೇಕೆಂದುಕೊಂಡ. ಗುರುಸಂಗಪ್ಪನವರು ಆಗಲೇ ನಿಯಮಾವಳಿ ತಿರುವುತ್ತಿದ್ದರು. ಎಲ್ಲಿಯೂ ನಿಷೇಧ ಕಾಣಲಿಲ್ಲ.

"ಎರಡು ಪಾಸ್‌ಪೋರ್ಟ್ ಅಳತಿ ಫೋಟೊ ತಗಂಡ್ ಬರ್ರಿ. ಕಿವಿ ಎರಡೂ ಕಾಣಬೇಕು," ಎಂದರು.

ಅಂದಿನಿಂದ ಜಂಬಣ್ಣ ಮನೆಯ ಕಟ್ಟೆಯ ಮೇಲೆಯೇ ಮಂಡಕ್ಕಿ ಮಾರುತ್ತಾನೆ. ಊರೂರಿನ ಚೀಲಗಳು ಕರಿಸಿದ್ದಪ್ಪನ ಟೆಂಪೊದಲ್ಲಿ ಹೋಗುತ್ತವೆ, ಏಕೆಂದರೆ ಆ ರಸ್ತೆಯಲ್ಲಿ ಕುಡಿಯದ ಚಾಲಕನೆಂಬ ದಾಖಲೆಯಿರುವುದು ಅವನೊಬ್ಬನಿಗೇ. ಮುಂದಿನ ಗಾಜಿಗೆ ಜಂಬಣ್ಣನ ದೃಢೀಕೃತ ಫೋಟೊ, ಅದರ ನೆತ್ತಿಯ ಮೇಲೆ ಕಪ್ಪು ವೃತ್ತದ ಹಾಳೆ ಅಂಟಿಸಲಾಗಿದೆ. ಕಚೇರಿಯ ಲೆಕ್ಕದಲ್ಲಿ ಅವನು ಪ್ರತಿದಿನ ಹೆಲ್ಮೆಟ್ ಸಹಿತ ಸಂಚರಿಸುತ್ತಾನೆ. ಈ ಅನುಕೂಲ ಕಂಡು ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳಿಂದಲೂ ಹೆಂಡಂದಿರು ಗಂಡಂದಿರ ಫೋಟೊ ಹಿಡಿದು ಸಾಲು ನಿಂತರು.

ಕಳೆದ ವಾರ ಕೋಗಳಿ ತಿರುವಿನಲ್ಲಿ ಟೆಂಪೊ ಹೊಲಕ್ಕೆ ಉರುಳಿತು. ಕರಿಸಿದ್ದಪ್ಪ ಚೀಲಗಳ ಮೇಲೆ ಬಿದ್ದು ಅಲ್ಲೇ ನಿದ್ದೆ ಹೋದ. ಎಬ್ಬಿಸಿದಾಗ ಕೇಳುವ ಮೊದಲೇ ಹೆಬ್ಬೆಟ್ಟು ಮುಂದೆ ಚಾಚಿದ. ಗಾಜು ಪುಡಿಯಾಗಿ ಜಂಬಣ್ಣನ ಫೋಟೊ ಹಣೆಯಿಂದ ಗದ್ದದವರೆಗೆ ಹರಿದಿತ್ತು.

ಗುರುಸಂಗಪ್ಪನವರು ಜಂಬಣ್ಣನ ಕಡತಕ್ಕೆ ಕೊನೆಯ ಹಾಳೆ ಸೇರಿಸಿದರು: "ನಕಲು ಸ್ಥಳದಲ್ಲೇ ಮೃತ. ಅಸಲು ಮನೆಯಲ್ಲಿದೆ." ಕಡತ ಮುಗಿದದ್ದರಿಂದ ಹೆಲ್ಮೆಟ್ಟಿನ ಜಪ್ತಿಯೂ ತೆರವಾಯಿತು. ಮೃತನ ವಾರಸುದಾರಳೆಂದು ಸಹಿ ಮಾಡಿ ಚೌಡಕ್ಕ ಅದನ್ನು ಪಡೆದುಕೊಂಡಳು.

ಕಟ್ಟೆಯ ಮೇಲೆ ಕೂತಿದ್ದ ಜಂಬಣ್ಣ, "ನಾನು ಸತ್ನೇನಲೇ?" ಎಂದ.

"ಹೂಂ, ದಾಖಲಿ ಆಗೈತಿ. ಇನ್ನ ನಿನಗ ಯಾವ ಟೆಂಪೊದ ಭಯಾನೂ ಇಲ್ಲ," ಎಂದ ಚೌಡಕ್ಕ, ಸೀಳಿದ ಹೆಲ್ಮೆಟ್ಟಿನಲ್ಲಿ ಮಂಡಕ್ಕಿ ತುಂಬಿ ಅವನ ಮುಂದಿಟ್ಟಳು.