ಡೈರಿಯ ಕರಿಹಲಗೆ

ಅಕ್ಷರ ದುಂಡಗಿರುವವರಿಗೆ ಒಂದು ಕಾಯಿಲೆ ಇರುತ್ತದೆ. ಬರೆಯಲು ಏನೂ ಇಲ್ಲದಿದ್ದರೂ ಕೈ ಸುಮ್ಮನಿರುವುದಿಲ್ಲ. ನಮ್ಮ ಮನೆಯ ತೊಗರಿಬೇಳೆ ಡಬ್ಬದ ಮೇಲೆ ‘ತೊಗರಿಬೇಳೆ’ ಎಂದು ಬರೆದವನು ನಾನೇ. ನನ್ನಾಕೆ ಅದರಲ್ಲಿ ಹುರಿಗಡಲೆ ತುಂಬಿಟ್ಟು, ಯಾವುದರಲ್ಲಿ ಏನಿದೆ ಎಂದು ತನಗೆ ಗೊತ್ತಿದ್ದರೆ ಸಾಕು, ಡಬ್ಬಕ್ಕೆ ಗೊತ್ತಿರಬೇಕಿಲ್ಲ ಎನ್ನುತ್ತಾಳೆ. ನನ್ನ ಚಟ ಡಬ್ಬಗಳ ಮೇಲೇ ನಿಂತಿದ್ದರೆ ಇದನ್ನೆಲ್ಲ ಹೇಳಿಕೊಳ್ಳುವ ಪ್ರಮೇಯ ಬರುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ, ಚಿನಕುರಳಿ ದಾಟಿದ ಮೇಲೆ ಸಿಗುವ ಒಂದು ಸಣ್ಣ ಊರಿನ ಹಾಲಿನ ಡೈರಿಗೆ ನಾನು ಕಾರ್ಯದರ್ಶಿಯಾದೆ. ನಮ್ಮದು ಶ್ರೀರಂಗಪಟ್ಟಣದ ದೇವಸ್ಥಾನದ ಮನೆತನ. ತಪ್ಪನ್ನು ನಾಲ್ಕು ಜನರೆದುರು ಗಟ್ಟಿಯಾಗಿ ಹೇಳುವುದು ನಮ್ಮಲ್ಲಿ ದೊಡ್ಡ ಗುಣ. ಮಂತ್ರದ ಸ್ವರ ತಪ್ಪಿದರೆ ನಮ್ಮಪ್ಪ ಮದುವೆಮಂಟಪದಲ್ಲೇ ಪುರೋಹಿತರನ್ನು ತಡೆದು ತಿದ್ದುತ್ತಿದ್ದರು. ಬರಬರುತ್ತ ಅವರನ್ನು ಮದುವೆಗೆ ಕರೆಯುವವರೇ ಕಡಿಮೆಯಾದರು. ಡೈರಿಯಲ್ಲಿ ಹಾಲು ಪರೀಕ್ಷಿಸಿ ಅಳೆಯುತ್ತಿದ್ದ ಸಿದ್ದೇಗೌಡರು ಬೇರೆಯೇ ಜಾಯಮಾನದವರು. ಡಿಗ್ರಿ ನೋಡುವ ಗಾಜಿನ ಕಡ್ಡಿ ಆಳಕ್ಕೆ ಮುಳುಗಿ ಹಾಲು ತೆಳುವೆಂದು ಗೊತ್ತಾದರೂ ಅವರ ಬಾಯಲ್ಲಿ ನೀರೆಂಬ ಮಾತು ಬರುತ್ತಿರಲಿಲ್ಲ. ಕಡ್ಡಿ ಒರೆಸುತ್ತ, “ಯಾಕವ್ವ, ಎಮ್ಮೆಗೆ ಉಸಾರಿಲ್ವಾ?” ಎಂದು ಕೇಳುತ್ತಿದ್ದರು. ಹಾಲು ತಂದವಳು ನೆಲ ನೋಡಿಕೊಂಡು, “ಊಂ ಕಣಣ್ಣ” ಎನ್ನುತ್ತಿದ್ದಳು. “ನಾಳಿಕ್ಕೆ ಸರೋಯ್ತದೆ ಬುಡು.” ಮಾರನೆಯ ದಿನ ಹಾಲು ಗಟ್ಟಿಯಾಗಿರುತ್ತಿತ್ತು. ಊರಿನ ಎಮ್ಮೆಗಳು ಹೀಗೆ ಒಂದೇ ರಾತ್ರಿಗೆ ಗುಣವಾಗುವುದನ್ನು ನೋಡಿ ನನಗೆ ನಗುವೂ ಬರುತ್ತಿತ್ತು, ಮೈಯೂ ಉರಿಯುತ್ತಿತ್ತು.

ಪಾಂಡವಪುರದಿಂದ ಒಂದು ಕರಿಹಲಗೆ ತರಿಸಿದೆ. ತೆಳು ಹಾಲು ತಂದವರ ಹೆಸರನ್ನು ಅದರ ಮೇಲೆ ಬರೆಯುವುದೆಂದು ಸಾರಿದೆ. ಸಾಲು ತಡವಾಗುತ್ತದೆ, ಇನ್ನು ಎಮ್ಮೆಗಳ ಕ್ಷೇಮಸಮಾಚಾರ ಬೇಡ ಎಂದು ಸಿದ್ದೇಗೌಡರಿಗೂ ಹೇಳಿದೆ. ಅವರು, “ಬ್ಯಾಡಿ ಅಯ್ನೋರೆ, ಎಸ್ರು ಬರುದ್ಬುಟ್ರೆ ಆಮೇಕೆ ಯಾರೂ ಬಾಯೇ ಬುಡಕಿಲ್ಲ” ಎಂದರು. ಬಾಯಿ ಬಿಡದಿದ್ದರೆ ಸಾಲು ಬೇಗ ಸಾಗುತ್ತದಲ್ಲ ಎಂದುಕೊಂಡೆ.

ಮೊದಲ ಹೆಸರು ಸಣ್ಣಮ್ಮನದು. ಗಂಡನಿಲ್ಲದ ಹೆಂಗಸು, ಇದ್ದದ್ದು ಒಂದೇ ಎಮ್ಮೆ. ‘ಣ್ಣ’ದ ಒತ್ತನ್ನು ಎರಡು ಸಲ ತಿದ್ದಿ ಬರೆದೆ. ಸಾಲಿನಲ್ಲಿದ್ದ ಮಕ್ಕಳು ಕೂಡಿಸಿಕೊಂಡು ಓದಿದರು. ಸಿದ್ದೇಗೌಡರು ಏನೋ ಕೇಳಲು ಹೋದವರು ನನ್ನ ಮುಖ ನೋಡಿ ಕಡ್ಡಿ ಒರೆಸತೊಡಗಿದರು. ಸಣ್ಣಮ್ಮ ಸೆರಗು ಎಳೆದುಕೊಂಡು ಹೋದವಳು ಐದು ದಿನ ಡೈರಿಯ ಕಡೆ ತಲೆ ಹಾಕಲಿಲ್ಲ. ಹಲಗೆ ಕೆಲಸ ಮಾಡುತ್ತಿದೆ ಎಂದು ನಾನು ಮನೆಯಲ್ಲಿ ಹೇಳಿಕೊಂಡೆ.

ಆರನೆಯ ದಿನ ಎಮ್ಮೆ ಸತ್ತಿತು.

ಆ ಹಾಲಿಗೆ ಯಾರೂ ನೀರು ಬೆರೆಸಿರಲಿಲ್ಲ. ಎಮ್ಮೆ ಕಾಯಿಲೆ ಬಿದ್ದು, ಮೇವು ಬಿಟ್ಟು, ಹಾಲೇ ತೆಳುವಾಗಿತ್ತು. ಎರಡು ದಿನ ಮೊದಲು ತನ್ನನ್ನು ಕರೆಸಿದ್ದರೆ ಉಳಿಸಬಹುದಿತ್ತೆಂದು ಕೊನೆಗೆ ಬಂದ ದನದ ಡಾಕ್ಟರು ಹೇಳಿದರಂತೆ. ಸಿದ್ದೇಗೌಡರ ಪ್ರಶ್ನೆಗೆ ಹತ್ತು ಜನ “ಊಂ” ಎಂದರೆ ಅದರಲ್ಲಿ ಒಬ್ಬಳ ಎಮ್ಮೆಗಾದರೂ ನಿಜವಾಗಿ ಕಾಯಿಲೆ ಇರುತ್ತಿತ್ತು. ಅದು ಯಾವುದೆಂದು ಆಕೆಯ ದನಿಯಲ್ಲೇ ಹಿಡಿದು, ಕ್ಯಾನು ತೊಳೆದಿಟ್ಟ ಮೇಲೆ ಸಿದ್ದೇಗೌಡರು ಸೈಕಲ್ಲು ತುಳಿದು ಡಾಕ್ಟರಿಗೆ ಸುದ್ದಿ ಮುಟ್ಟಿಸುತ್ತಿದ್ದರು. ಇದು ಊರಿಗೆಲ್ಲ ಗೊತ್ತಿತ್ತು. ಕಾರ್ಯದರ್ಶಿಗೆ ಗೊತ್ತಿರಲಿಲ್ಲ.

ಸಣ್ಣಮ್ಮನ ಮನೆಗೆ ಹೋದೆ. ಬರಿದಾದ ಗೂಟದ ಪಕ್ಕದಲ್ಲೇ ಚಾಪೆ ಹಾಸಿ, ಪಕ್ಕದ ಮನೆಯಿಂದ ಹಾಲು ತಂದು ನನಗೆ ಕಾಫಿ ಕೊಟ್ಟಳು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳುವಷ್ಟು ಬುದ್ಧಿಗೇಡಿ ನಾನು. “ಎಸ್ರು ಬರುದ್ಬುಟ್ಟಿದ್ರಲ್ಲ ಸಾಮಿ. ಉಸಾರಿಲ್ಲ ಅಂದ್ರೆ ಯಾರ್ ನಂಬ್ತಾರೆ ಅಂತ ಸುಮ್ಕಾದೆ” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಕಾಫಿ ಇಳಿಯುತ್ತಿತ್ತೇನೋ.

ಮರುದಿನ ಬೆಳಿಗ್ಗೆ ಯಾರೂ ಬರುವ ಮೊದಲೇ ಡೈರಿಗೆ ಹೋಗಿ, ಒದ್ದೆ ಬಟ್ಟೆ ಹಿಡಿದು ಹಲಗೆ ಉಜ್ಜುತ್ತಿದ್ದೆ. ಸಿದ್ದೇಗೌಡರು ಬಂದರು. ನನ್ನನ್ನೂ ಬಟ್ಟೆಯನ್ನೂ ನೋಡಿದರು. ಕ್ಯಾನು ಕೆಳಗಿಟ್ಟು ಮೆಲ್ಲಗೆ ಕೇಳಿದರು: “ಯಾಕ್ ಅಯ್ನೋರೆ, ಮೈಗೆ ಉಸಾರಿಲ್ವಾ?”

ನಾನು ನೆಲ ನೋಡಿಕೊಂಡು ಹೂಂ ಎಂದೆ.

“ನಾಳಿಕ್ಕೆ ಸರೋಯ್ತದೆ ಬುಡಿ” ಎಂದು ಬಟ್ಟೆ ಇಸಿದುಕೊಂಡು ತಾವೇ ಉಜ್ಜತೊಡಗಿದರು. ಎಷ್ಟು ಉಜ್ಜಿದರೂ ಹೆಸರು ಪೂರ್ತಿ ಹೋಗಲಿಲ್ಲ. ಅಷ್ಟು ಒತ್ತಿ ಬರೆದಿದ್ದೆ.